ಮೇನ್‌ಫ್ರೇಮ್ ವಹಿವಾಟನ್ನು ಎಪಿಐ ಆಗಿ ತೆರೆಯುವವರಿಗೆ ಒಂದು ಎಚ್ಚರಿಕೆ: ಒಂದು ಕಂತು ಮೂರು ಸಲ ಕಡಿತವಾದ ಬಗೆ

ತಿಂಗಳ ಕೊನೆಯ ದಿನ ಸಂಜೆ ಗ್ರಾಹಕರೊಬ್ಬರು ಮೊಬೈಲ್ ಆ್ಯಪ್‌ನಲ್ಲಿ ಒಂದೇ ಸಲ ಗುಂಡಿ ಒತ್ತಿ ಕಟ್ಟಿದ ಕಂತು ಅವರ ಖಾತೆಯಿಂದ ಮೂರು ಸಲ ಕಡಿತವಾಗಿತ್ತು. ಆ್ಯಪ್ ಮಾತ್ರ ‘ಪಾವತಿ ವಿಫಲವಾಗಿದೆ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ’ ಎಂದು ತೋರಿಸುತ್ತಿತ್ತು. ಆ ಸೂಚನೆಯನ್ನು ನಂಬಿ ಮತ್ತೆ ಒತ್ತಿದವರ ಪಾಡು ಇನ್ನೂ ಕೆಟ್ಟದಾಗಿತ್ತು. ಅಂದು ರಾತ್ರಿಯೊಳಗೆ ಇಂಥ ದೂರುಗಳು ನೂರಾರು ಬಂದವು. ಆ ಪಾವತಿಯ ದಾರಿಯನ್ನು ರೂಪಿಸಿದ ತಂಡದಲ್ಲಿ ನಾನಿದ್ದೆ. ವಿನ್ಯಾಸದ ದಾಖಲೆಗೆ ಒಪ್ಪಿಗೆ ಕೊಟ್ಟು ಸಹಿ ಹಾಕಿದವನೂ ನಾನೇ. ದಶಕಗಳಿಂದ ನಡೆದು ಬಂದಿರುವ ಮೇನ್‌ಫ್ರೇಮ್ (ದೊಡ್ಡ ಸಂಸ್ಥೆಗಳ ವಹಿವಾಟುಗಳನ್ನು ನಿಭಾಯಿಸುವ ದೊಡ್ಡ ಕಂಪ್ಯೂಟರ್) ವ್ಯವಸ್ಥೆಯನ್ನು ಹೊಸ ವ್ಯವಸ್ಥೆಗಳ ಜೊತೆ ಜೋಡಿಸಲು ಹೊರಟಿರುವವರು ನಾವು ಬಿದ್ದ ಹಳ್ಳಕ್ಕೆ ಬೀಳಬಾರದೆಂದು ನಡೆದದ್ದನ್ನು ನಡೆದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಇಲ್ಲಿ ಬೇಕಾಗಿಲ್ಲ, ಏಕೆಂದರೆ ತಪ್ಪು ಅಲ್ಲಿನ ಯಂತ್ರದ್ದೂ ಆಗಿರಲಿಲ್ಲ, ಅದನ್ನು ನಡೆಸುತ್ತಿದ್ದವರದ್ದೂ ಆಗಿರಲಿಲ್ಲ.

ಕೆಳಗೆ ಇದ್ದದ್ದು ದತ್ತಾಂಶವನ್ನು ಇಡುವ ಐಎಂಎಸ್ ಡೇಟಾಬೇಸ್, ಅದರ ಮೇಲೆ ವಹಿವಾಟುಗಳನ್ನು ನಡೆಸುವ ಸಿಐಸಿಎಸ್, ಪ್ರೋಗ್ರಾಮುಗಳೆಲ್ಲ ಕೋಬಾಲ್ ಭಾಷೆಯಲ್ಲಿ. ಅಪೊಲೊ ಯೋಜನೆಯ ರಾಕೆಟ್ಟಿನ ಬಿಡಿಭಾಗಗಳ ಪಟ್ಟಿಯನ್ನು ನಿಭಾಯಿಸಲು ಐಬಿಎಂ ಇತರ ಕಂಪನಿಗಳ ಜೊತೆಗೂಡಿ 1966ರಲ್ಲಿ ಕಟ್ಟಲು ಆರಂಭಿಸಿದ ಐಎಂಎಸ್ 1968ರಲ್ಲಿ ಮೊದಲ ಸಲ ಕೆಲಸಕ್ಕೆ ಸಿದ್ಧವಾಯಿತು. ಸಿಐಸಿಎಸ್ ಮಾರುಕಟ್ಟೆಗೆ ಬಂದದ್ದು 1969ರಲ್ಲಿ. ಇಷ್ಟು ಕಾಲ ಬಾಳಿದ ಸಾಫ್ಟ್‌ವೇರನ್ನು ‘ಹಳತು’ ಎಂದು ತಳ್ಳಿಹಾಕುವುದು ನನಗೆ ಎಂದೂ ಸರಿ ಕಂಡಿರಲಿಲ್ಲ, ಈಗಲೂ ಕಾಣುವುದಿಲ್ಲ. ನಮ್ಮ ಪಾವತಿ ಪ್ರೋಗ್ರಾಮು ಅಷ್ಟು ವರ್ಷ ಒಂದೇ ಒಂದು ವಹಿವಾಟನ್ನೂ ಕಳೆದುಕೊಳ್ಳದೆ ನಡೆದುಬಂದಿದೆಯೆಂದು ಅಲ್ಲಿನವರು ಹೇಳುತ್ತಿದ್ದರು, ಅದು ನಿಜವೂ ಆಗಿತ್ತು. ಆದ್ದರಿಂದಲೇ ನಾವು ಪ್ರೋಗ್ರಾಮನ್ನು ಮುಟ್ಟದೆ, ಅದರ ಕಾಪಿಬುಕ್ಕನ್ನು (ದಾಖಲೆಯಲ್ಲಿ ಯಾವ ಕ್ಷೇತ್ರ ಎಲ್ಲಿ, ಯಾವ ರೂಪದಲ್ಲಿದೆ ಎಂಬ ವಿವರಣೆ) ಒಂದು ಸಾಧನಕ್ಕೆ ಕೊಟ್ಟು, ಅದರಿಂದ ಜೇಸನ್ ಎಂಬ ಪಠ್ಯ ರೂಪದ ಎಪಿಐ (ಬೇರೆ ಪ್ರೋಗ್ರಾಮುಗಳು ಇದನ್ನು ಕರೆಯುವ ದಾರಿ) ಒಂದನ್ನು ಪಡೆದು, ಹೊರಗಿನ ಕೋರಿಕೆಗಳನ್ನು ಪಡೆದು ಮುಂದಕ್ಕೆ ಕಳಿಸುವ ಎಪಿಐ ಗೇಟ್‌ವೇಯ ಹಿಂದೆ ಇರಿಸಿದೆವು. ಪ್ರೋಗ್ರಾಮು ಸರಿಯಾಗಿದೆ, ಅದನ್ನು ಕರೆಯುವ ದಾರಿಯನ್ನಷ್ಟೇ ಬದಲಿಸುತ್ತಿದ್ದೇವೆ ಎಂಬುದು ನಮ್ಮ ಲೆಕ್ಕಾಚಾರವಾಗಿತ್ತು. ಎಡವಿದ್ದು ಅಲ್ಲಿಯೇ.

ಗೇಟ್‌ವೇಯಲ್ಲಿ ಟೈಮ್‌ಔಟ್, ಅಂದರೆ ಉತ್ತರಕ್ಕೆ ಕಾಯುವ ಮಿತಿ, 3 ಸೆಕೆಂಡು ಇತ್ತು. ಉತ್ತರ ಬಾರದಿದ್ದರೆ ಅದೇ ಕೋರಿಕೆಯನ್ನು ಇನ್ನೂ ಎರಡು ಸಲ ತಾನಾಗಿಯೇ ಕಳಿಸಬೇಕೆಂಬ ಹೊಂದಿಕೆಯೂ ಇತ್ತು. ಉಳಿದೆಲ್ಲ ಸೇವೆಗಳಿಗೂ ಅದೇ ಹೊಂದಿಕೆ ಇದ್ದುದರಿಂದ ಇದಕ್ಕೂ ಇರಲಿ ಎಂದು ಯಾರೂ ಎರಡನೆಯ ಸಲ ಯೋಚಿಸಲಿಲ್ಲ. ಸಾಮಾನ್ಯ ದಿನಗಳಲ್ಲಿ ಮೇನ್‌ಫ್ರೇಮ್‌ನಿಂದ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬರುತ್ತಿತ್ತು, ಪರೀಕ್ಷೆಯೂ ಸಾಮಾನ್ಯ ದಿನಗಳಲ್ಲಿಯೇ ನಡೆದಿತ್ತು. ತಿಂಗಳ ಕೊನೆಯ ದಿನ ಮಾತ್ರ ಬಡ್ಡಿ ಲೆಕ್ಕದ ಬ್ಯಾಚ್ ಕೆಲಸ (ಖಾತೆಗಳನ್ನೆಲ್ಲ ಒಟ್ಟಿಗೆ ಸಂಸ್ಕರಿಸುವುದು) ಸಂಜೆಯೇ ಶುರುವಾಗಿ, ಅದೇ ಖಾತೆಗಳ ಮೇಲೆ ಬೀಗ ಹಿಡಿದುಕೊಂಡು, ಒಂದೊಂದು ಆನ್‌ಲೈನ್ ವಹಿವಾಟನ್ನೂ ನಾಲ್ಕೈದು ಸೆಕೆಂಡು ಕಾಯಿಸಿತು. ಮೂರನೆಯ ಸೆಕೆಂಡಿಗೆ ಗೇಟ್‌ವೇ ಕೈಬಿಟ್ಟು ಎರಡನೆಯ ಕೋರಿಕೆಯನ್ನು ಕಳಿಸಿತು. ಮೊದಲನೆಯದು ಸತ್ತಿರಲಿಲ್ಲ, ಸರದಿಯಲ್ಲಿತ್ತು. ತನ್ನ ಪಾಳಿ ಬಂದಾಗ ಹಣ ಕಡಿತ ಮಾಡಿ, ಕಮಿಟ್ ಮಾಡಿ (ಬದಲಾವಣೆಯನ್ನು ಕಾಯಂಗೊಳಿಸಿ), ಉತ್ತರವನ್ನೂ ಕೊಟ್ಟಿತು. ಆದರೆ ಆ ಉತ್ತರವನ್ನು ತೆಗೆದುಕೊಳ್ಳಲು ಆಚೆ ತುದಿಯಲ್ಲಿ ಯಾರೂ ಇರಲಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ಆದದ್ದು ಇದೇ. ಟೈಮ್‌ಔಟ್ ಎಂದರೆ ‘ಕೆಲಸ ಆಗಲಿಲ್ಲ’ ಎಂದಲ್ಲ, ‘ಆಯಿತೋ ಇಲ್ಲವೋ ನನಗೆ ತಿಳಿಯದು’ ಎಂದಷ್ಟೇ. ನಾವು ಆ ಎರಡನ್ನೂ ಒಂದೇ ಎಂದುಕೊಂಡೆವು.

ಮರುದಿನ ಬೆಳಗ್ಗೆ ಎಲ್ಲರೂ ಒಂದು ಕೋಣೆಯಲ್ಲಿ ಕೂತಾಗ ಮೇನ್‌ಫ್ರೇಮ್ ತಂಡದ ಹಿರಿಯರೊಬ್ಬರು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಕೇಳಿದ್ದು ಒಂದೇ ಮಾತು: “ನಿಮ್ಮದರಲ್ಲಿ ಕೀಬೋರ್ಡ್ ಲಾಕ್ ಆಗುವುದು ಎಲ್ಲಿ?” ನಮಗ್ಯಾರಿಗೂ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಎದ್ದು, ಮೇನ್‌ಫ್ರೇಮ್‌ನ ಹಳೆಯ 3270 ಟರ್ಮಿನಲ್ಲನ್ನು ಅನುಕರಿಸುವ ಎಮ್ಯುಲೇಟರ್ ತೆರೆದು, ಪಾವತಿಯ ಪರದೆಯಲ್ಲಿ ಒಂದು ಪರೀಕ್ಷಾ ಖಾತೆಯ ವಿವರ ತುಂಬಿ ಎಂಟರ್ ಒತ್ತಿದರು. ಪರದೆಯ ಕೆಳಗಿನ ಸಾಲಿನಲ್ಲಿ ಒಂದು ಇಂಟು ಗುರುತು, ಅದರ ಪಕ್ಕದಲ್ಲಿ ಗಡಿಯಾರದ ಚಿಹ್ನೆ ಮೂಡಿತು. ಆಮೇಲೆ ಅವರು ಎಂಟರ್ ಕೀಲಿಯನ್ನು ನಾಲ್ಕೈದು ಸಲ ಕುಟ್ಟಿದರು, ಏನೂ ಆಗಲಿಲ್ಲ. ಉತ್ತರ ಬಂದ ಮೇಲೆಯೇ ಆ ಗುರುತು ಮಾಯವಾಗಿ ಕೀಲಿಗಳಿಗೆ ಜೀವ ಬಂತು.

ಅಷ್ಟೂ ವರ್ಷ ಎರಡನೆಯ ಕಡಿತವನ್ನು ತಡೆದಿದ್ದದ್ದು ಪ್ರೋಗ್ರಾಮಿನ ಒಳಗಿನ ಯಾವ ಸಾಲೂ ಅಲ್ಲ, ಆ ಟರ್ಮಿನಲ್ಲಿನ ಬೀಗ. ಅದರ ಹಿಂದೆಯೇ ಮನುಷ್ಯರ ಒಂದು ರೂಢಿಯೂ ಇತ್ತು: ಸಂಪರ್ಕ ಕಡಿದುಹೋದರೆ ಕೌಂಟರಿನಲ್ಲಿ ಕೂತವರು ಮೊದಲು ಖಾತೆಯ ವಿಚಾರಣೆಯ ಪರದೆಯನ್ನು ತೆರೆದು, ಹಣ ಹೋಗಿದೆಯೇ ಎಂದು ನೋಡಿ, ಆಮೇಲಷ್ಟೇ ಮತ್ತೆ ನಮೂದಿಸುತ್ತಿದ್ದರು. ಈ ನಿಯಮ ಯಾವ ಕಾಪಿಬುಕ್ಕಿನಲ್ಲೂ ಇರಲಿಲ್ಲ, ಯಾವ ಸಾಧನವೂ ಅದನ್ನು ಓದಿ ಎಪಿಐ ಮಾಡಿಕೊಡಲು ಸಾಧ್ಯವಿರಲಿಲ್ಲ. ನಾವು ಪ್ರೋಗ್ರಾಮನ್ನು ಮಾತ್ರ ಹೊರಗೆ ತಂದಿದ್ದೆವು; ಅದನ್ನು ಕಾಯುತ್ತಿದ್ದ ಟರ್ಮಿನಲ್ಲನ್ನೂ ಮನುಷ್ಯರನ್ನೂ ಅಲ್ಲಿಯೇ ಬಿಟ್ಟು ಬಂದಿದ್ದೆವು.

ಪರಿಹಾರ ಹೇಳುವುದಕ್ಕೆ ಸುಲಭ. ಗ್ರಾಹಕರು ಗುಂಡಿ ಒತ್ತಿದ ಕ್ಷಣದಲ್ಲಿ ಆ್ಯಪ್ ಒಂದು ವಿಶಿಷ್ಟ ಕೋರಿಕೆ ಸಂಖ್ಯೆಯನ್ನು ಹುಟ್ಟಿಸಬೇಕು. ಎಷ್ಟು ಸಲ ಮರಳಿ ಕಳಿಸಿದರೂ ಆ ಸಂಖ್ಯೆ ಬದಲಾಗಬಾರದು. ಮೇನ್‌ಫ್ರೇಮ್ ಬದಿಯಲ್ಲಿ ಅದನ್ನು ಒಂದು ಕೋಷ್ಟಕದಲ್ಲಿ ಬರೆದಿಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಹಣ ಮುಟ್ಟದೆ ಹಿಂದಿನ ಉತ್ತರವನ್ನೇ ಕೊಡಬೇಕು. ಇದನ್ನು ಗೇಟ್‌ವೇಯಲ್ಲಿ ಮಾಡಿದರೆ ಸಾಕೆಂದು ಕೆಲವರು ವಾದಿಸಿದರು. ಸಾಲದು: ಸಂಖ್ಯೆಯನ್ನು ಬರೆಯುವುದು ಮತ್ತು ಹಣ ಕಡಿತ ಮಾಡುವುದು ಒಂದೇ ಕಮಿಟ್‌ನಲ್ಲಿ ಒಟ್ಟಿಗೆ ಆಗದಿದ್ದರೆ, ಒಂದು ಆಗಿ ಇನ್ನೊಂದು ಆಗದ ಸಂದು ಉಳಿದೇ ಉಳಿಯುತ್ತದೆ. ಆದ್ದರಿಂದ ಸಿಐಸಿಎಸ್ ಒಳಗೇ ಒಂದು ಹೊದಿಕೆ ಪ್ರೋಗ್ರಾಮು ಬರೆದು, ಅದು ಮೊದಲು ಸಂಖ್ಯೆಯನ್ನು ದಾಖಲಿಸಿ, ಆಮೇಲೆ ಲಿಂಕ್ ಆಜ್ಞೆಯ ಮೂಲಕ ಹಳೆಯ ಪ್ರೋಗ್ರಾಮನ್ನು ಕರೆಯುವಂತೆ ಮಾಡಿದೆವು.

ಅಲ್ಲಿಯೂ ಒಂದು ಕಂಟಕ ಕಾದಿತ್ತು. ಹಳೆಯ ಪ್ರೋಗ್ರಾಮಿನ ನಡುವೆ, ಹಣ ಕಡಿತವಾಗುವುದಕ್ಕೂ ಮುಂಚೆ, ಯಾರೋ ಎಂದೋ ಬೀಗಗಳನ್ನು ಬೇಗ ಬಿಡಿಸಲೆಂದು, ಅಲ್ಲಿಯವರೆಗಿನ ಕೆಲಸವನ್ನು ಕಮಿಟ್ ಮಾಡುವ ಒಂದು ಸಿಂಕ್‌ಪಾಯಿಂಟ್ ಆಜ್ಞೆ ಹಾಕಿದ್ದರು. ಹಾಗೆ ಕರೆಯಲ್ಪಟ್ಟ ಪ್ರೋಗ್ರಾಮು ಸಿಂಕ್‌ಪಾಯಿಂಟ್ ಹಾಕಿದರೆ ಕರೆದವರ ಕೆಲಸವೂ ಅದರೊಂದಿಗೆ ಕಮಿಟ್ ಆಗಿಬಿಡುತ್ತದೆ. ಎಂದರೆ ಕೋರಿಕೆ ಸಂಖ್ಯೆ ಗಟ್ಟಿಯಾಗಿ ದಾಖಲಾಗಿ, ಆಮೇಲೆ ಕಡಿತದ ಹಂತದಲ್ಲಿ ಪ್ರೋಗ್ರಾಮು ಬಿದ್ದರೆ, ಹಣ ಹೋಗದೆಯೇ ‘ಈಗಾಗಲೇ ಪಾವತಿಯಾಗಿದೆ’ ಎಂಬ ಉತ್ತರ ಸಿಗುತ್ತಿತ್ತು. ಮೊದಲಿನ ತಪ್ಪಿಗೆ ಸರಿಯಾಗಿ ತಿರುವುಮುರುವಾದ ತಪ್ಪು. ಅದು ಸಿಕ್ಕಿದ್ದು ಆ ಹಿರಿಯರು ಪ್ರೋಗ್ರಾಮನ್ನು ಸಾಲುಸಾಲಾಗಿ ಓದಲೇಬೇಕೆಂದು ಪಟ್ಟು ಹಿಡಿದಿದ್ದರಿಂದ. ಹಳೆಯ ಪ್ರೋಗ್ರಾಮನ್ನು ಹೊದಿಕೆಯೊಳಗೆ ಸೇರಿಸುವ ಮೊದಲು ಅದರಲ್ಲಿ ಸಿಂಕ್‌ಪಾಯಿಂಟ್ ಎಲ್ಲೆಲ್ಲಿದೆ, ಅದು ಕರೆಯುವ ಪ್ರೋಗ್ರಾಮುಗಳಲ್ಲಿ ಎಲ್ಲಿದೆ ಎಂದು ದಯವಿಟ್ಟು ಹುಡುಕಿ. ಒಂದು ದಿನದ ಕೆಲಸ ಅದು.

ಓದುವ ಬದಿಯಲ್ಲಿ ಆದದ್ದನ್ನೂ ಹೇಳಬೇಕು, ಏಕೆಂದರೆ ಅದು ಬೆಳಕಿಗೆ ಬರಲು ಇನ್ನೂ ಹೆಚ್ಚು ಸಮಯ ಹಿಡಿಯಿತು. ಪ್ರತಿಯೊಂದು ಬಾಕಿ ವಿಚಾರಣೆಗೂ ಮೇನ್‌ಫ್ರೇಮ್ ಮುಟ್ಟಿದರೆ ಖರ್ಚು ಏರುತ್ತದೆ (ಅನೇಕ ಪರವಾನಗಿಗಳಲ್ಲಿ ಶುಲ್ಕ ನಿಗದಿಯಾಗುವುದು ಬಳಕೆಯ ನಾಲ್ಕು ಗಂಟೆಗಳ ಚಲಿಸುವ ಸರಾಸರಿಯ ಅತಿ ಎತ್ತರದ ಬಿಂದುವಿನ ಮೇಲೆ) ಎಂಬ ಕಾರಣಕ್ಕೆ ದತ್ತಾಂಶವನ್ನು ಹೊರಗಿನ ಒಂದು ರಿಲೇಶನಲ್ ಡೇಟಾಬೇಸಿಗೆ ನಕಲು ಮಾಡಿಕೊಂಡೆವು. ಆ ಯೋಚನೆಯಲ್ಲಿ ತಪ್ಪಿರಲಿಲ್ಲ. ಆದರೆ ಮೊದಲ ದೊಡ್ಡ ಕಡತವನ್ನು ಸಾಗಿಸಿದವರು ಅದನ್ನು ಪಠ್ಯವೆಂದು ಬಗೆದು ಮೇನ್‌ಫ್ರೇಮ್‌ನ ಅಕ್ಷರ ಸಂಕೇತವಾದ ಎಬ್ಸಿಡಿಕ್‌ನಿಂದ ಹೊರಗಿನ ಕಂಪ್ಯೂಟರುಗಳ ಆಸ್ಕಿಗೆ ಪೂರ್ತಿ ಪರಿವರ್ತಿಸಿಬಿಟ್ಟರು. ಹೆಸರು, ವಿಳಾಸಗಳೆಲ್ಲ ಅಚ್ಚುಕಟ್ಟಾಗಿ ಬಂದವು. ಮೊತ್ತಗಳು ಮಾತ್ರ ಕಾಂಪ್-3 ರೂಪದಲ್ಲಿದ್ದವು, ಅಂದರೆ ಒಂದು ಬೈಟಿನಲ್ಲಿ ಎರಡು ಅಂಕಿಗಳನ್ನು ಅಡಕ ಮಾಡಿ, ಕೊನೆಯ ಅರ್ಧ ಬೈಟಿನಲ್ಲಿ ಧನ ಅಥವಾ ಋಣ ಚಿಹ್ನೆಯನ್ನು ಇಡುವ ರೂಪ.

ಒಂದು ಮೊತ್ತವನ್ನು ಬಿಡಿಸಿ ತೋರಿಸುತ್ತೇನೆ. 401.23 ಎಂಬುದು ಅಲ್ಲಿ ಮೂರು ಬೈಟುಗಳಲ್ಲಿ, ಹದಿನಾರರ ಆಧಾರದ ಬರಹದಲ್ಲಿ, 40, 12, 3ಸಿ ಎಂದು ಕೂತಿರುತ್ತದೆ; ಕೊನೆಯ ಸಿ ಧನ ಚಿಹ್ನೆ. ದಶಾಂಶ ಬಿಂದು ಎಲ್ಲಿಯೂ ಬರೆದಿರುವುದಿಲ್ಲ, ಅದು ಇರುವುದು ಕಾಪಿಬುಕ್ಕಿನಲ್ಲಿ. ಎಬ್ಸಿಡಿಕ್‌ನಲ್ಲಿ 40 ಎಂದರೆ ಖಾಲಿ ಜಾಗ, ಆದ್ದರಿಂದ ಪರಿವರ್ತನೆ ಅದನ್ನು ಆಸ್ಕಿಯ ಖಾಲಿ ಜಾಗವಾದ 20 ಮಾಡಿತು. 12 ಹಾಗೆಯೇ ಉಳಿಯಿತು. 3ಸಿ ಒಂದು ನಿಯಂತ್ರಣ ಅಕ್ಷರವಾಗಿರುವುದರಿಂದ 14 ಆಯಿತು. ಈಗ ಮೂರು ಬೈಟುಗಳನ್ನು ಓದಿ: 20, 12, 14. ಕೊನೆಯ 4 ಎಂಬುದು ಚಿಹ್ನೆಯೇ ಅಲ್ಲ. ಮೇನ್‌ಫ್ರೇಮ್‌ನಲ್ಲಿ ಇಂಥ ಸಂಖ್ಯೆಯ ಮೇಲೆ ಲೆಕ್ಕ ಮಾಡಹೊರಟರೆ ಯಂತ್ರವೇ ತಡೆದು ಎಸ್0ಸಿ7 ಎಂಬ ದೋಷ ಸಂಕೇತ ಕೊಟ್ಟು ಪ್ರೋಗ್ರಾಮನ್ನು ನಿಲ್ಲಿಸುತ್ತದೆ. ನಾವು ಹೊರಗೆ ಬಳಸಿದ ಲೈಬ್ರರಿಯಾದರೋ ಋಣ ಚಿಹ್ನೆಯಲ್ಲದ್ದನ್ನೆಲ್ಲ ಧನವೆಂದು ತಿಳಿದು, ಯಾವ ದೂರೂ ಇಲ್ಲದೆ 201.21 ಎಂದು ಓದಿತು. ನೋಡಿದವರಿಗೆ ಅನುಮಾನ ಬರುವಂಥ ಸಂಖ್ಯೆಯೇ ಅಲ್ಲ ಅದು. ಎಲ್ಲ ಮೊತ್ತಗಳೂ ಕೆಟ್ಟಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. 11, 12, 13ರಂಥ ಕೆಲವು ಬೈಟುಗಳು ಪರಿವರ್ತನೆಯಲ್ಲಿ ಬದಲಾಗದ ಕಾರಣ, ಕೆಲವು ಸಾಲುಗಳಲ್ಲಿ ಅರ್ಧಂಬರ್ಧ ಸರಿಯಿದ್ದ ಸಂಖ್ಯೆಗಳೇ ನಮ್ಮನ್ನು ದಾರಿ ತಪ್ಪಿಸಿದವು. ಕಡತವನ್ನು ಬೈನರಿಯಾಗಿಯೇ ತಂದು, ಕ್ಷೇತ್ರ ಕ್ಷೇತ್ರಕ್ಕೂ ಅದರದರ ನಮೂನೆಯಂತೆ ಬಿಡಿಸಿ, ಎರಡೂ ಬದಿಯ ಒಟ್ಟು ಮೊತ್ತವನ್ನು ತಾಳೆ ನೋಡದೆ ಒಂದು ಸಾಲನ್ನೂ ಬಳಕೆಗೆ ಬಿಡಬೇಡಿ. ಸಾಲುಗಳ ಎಣಿಕೆ ತಾಳೆಯಾಗುವುದು ಏನನ್ನೂ ಸಾಬೀತು ಮಾಡುವುದಿಲ್ಲ. ನಮ್ಮ ಎಣಿಕೆ ಕರಾರುವಾಕ್ಕಾಗಿ ತಾಳೆಯಾಗಿತ್ತು.

ಒಂದೇ ಜಾಗಕ್ಕೆ ಇನ್ನೊಂದು ವಿವರಣೆ ಕೊಡುವ ಕೋಬಾಲ್‌ನ ರೀಡಿಫೈನ್ಸ್ ಇರುವ ಕಡೆ ಇನ್ನೂ ಎಚ್ಚರ ಬೇಕು. ದಾಖಲೆಯ ಬಗೆಯನ್ನು ಅನುಸರಿಸಿ ಅದೇ ಬೈಟುಗಳಿಗೆ ಒಮ್ಮೆ ದಿನಾಂಕವೆಂದೂ ಇನ್ನೊಮ್ಮೆ ಮೊತ್ತವೆಂದೂ ಅರ್ಥವಿರುತ್ತದೆ, ಯಾವುದನ್ನು ಯಾವಾಗ ಓದಬೇಕೆಂಬುದು ಕಾಪಿಬುಕ್ಕಿನಲ್ಲಿ ಇರುವುದಿಲ್ಲ, ಪ್ರೋಗ್ರಾಮಿನ ಷರತ್ತುಗಳಲ್ಲಿ ಹುದುಗಿರುತ್ತದೆ.

ನಕಲು ಸರಿಹೋದ ಮೇಲೂ ಬಾಕಿಯ ಅಂಕಿ ರಾತ್ರಿ ಹೊತ್ತು ಗ್ರಾಹಕರನ್ನು ಗಾಬರಿಗೊಳಿಸುತ್ತಿತ್ತು. ಬ್ಯಾಚ್ ನಡೆಯುವಾಗ ಖಾತೆಯ ಮೂಲ ಸೆಗ್ಮೆಂಟ್ (ಐಎಂಎಸ್‌ನಲ್ಲಿ ದತ್ತಾಂಶದ ಒಂದು ತುಂಡು) ಒಂದು ಹಂತದಲ್ಲಿ, ಅದರ ಕೆಳಗಿನ ವಹಿವಾಟಿನ ಸೆಗ್ಮೆಂಟುಗಳು ಇನ್ನೊಂದು ಹಂತದಲ್ಲಿ ಬದಲಾಗುತ್ತಿದ್ದವು. ನಮ್ಮ ನಕಲು ಅವುಗಳನ್ನು ಬೇರೆ ಬೇರೆ ಕೋಷ್ಟಕಗಳಿಗೆ ಬೇರೆ ಬೇರೆ ಹೊತ್ತಿನಲ್ಲಿ ಬರೆಯುತ್ತಿತ್ತು. ನಡುವೆ ನೋಡಿದವರಿಗೆ ಬಡ್ಡಿ ಸೇರಿದೆ, ಕಂತು ಇನ್ನೂ ಇಳಿದಿಲ್ಲ ಎಂಬಂಥ ಅರೆಬೆಂದ ಚಿತ್ರ ಕಾಣುತ್ತಿತ್ತು. ಹಳೆಯ ವ್ಯವಸ್ಥೆಯಲ್ಲಿ ಆ ಹೊತ್ತಿಗೆ ಕೌಂಟರುಗಳು ಮುಚ್ಚಿರುತ್ತಿದ್ದವು, ನೋಡುವವರೇ ಇರುತ್ತಿರಲಿಲ್ಲ. ಇಲ್ಲಿಯೂ ಅದೇ ಕಥೆ: ಕೆಲಸದ ವೇಳಾಪಟ್ಟಿಯೇ ಒಂದು ರಕ್ಷಣೆಯಾಗಿತ್ತು, ದಿನದ ಇಪ್ಪತ್ನಾಲ್ಕು ಗಂಟೆ ತೆರೆದಿರುವ ಆ್ಯಪ್ ತಂದು ಅದನ್ನು ನಾವೇ ಕಿತ್ತು ಹಾಕಿದ್ದೆವು. ಕಮಿಟ್‌ನ ಗಡಿಯನ್ನು ಗೌರವಿಸಿ ಒಂದು ವಹಿವಾಟಿನ ಬದಲಾವಣೆಗಳನ್ನೆಲ್ಲ ಒಟ್ಟಿಗೆ ಬರೆಯುವಂತೆ ನಕಲಿನ ಸಾಧನವನ್ನು ಹೊಂದಿಸಿ, ಬ್ಯಾಚ್ ಮುಗಿಯುವ ತನಕ ಆ್ಯಪ್‌ನಲ್ಲಿ ಹಿಂದಿನ ದಿನದ ಬಾಕಿಯನ್ನು ಅದರ ದಿನಾಂಕದ ಸಮೇತ ತೋರಿಸತೊಡಗಿದ ಮೇಲೆ ದೂರುಗಳು ನಿಂತವು.

ಇಂಥ ಕೆಲಸಕ್ಕೆ ಕೈ ಹಾಕುವವರು ಮೊದಲು ಮೇನ್‌ಫ್ರೇಮ್ ಬಳಸುವವರ ಪಕ್ಕದಲ್ಲಿ, ತಿಂಗಳ ಕೊನೆಯ ದಿನವೂ ಸೇರಿದಂತೆ, ಕೆಲವು ದಿನ ಕೂರಬೇಕು. ಅವರು ಯಾವ ಪರದೆಯ ನಂತರ ಯಾವುದನ್ನು ತೆರೆಯುತ್ತಾರೆ, ಯಾವ ಹೊತ್ತಿನಲ್ಲಿ ಯಾವ ಅಂಕಿಯನ್ನು ನಂಬುವುದಿಲ್ಲ, ಏನಾದರೆ ಯಾರಿಗೆ ಫೋನ್ ಮಾಡುತ್ತಾರೆ ಎಂಬುದನ್ನೆಲ್ಲ ಬರೆದುಕೊಳ್ಳಬೇಕು. ಆ ಟಿಪ್ಪಣಿಯ ಪ್ರತಿ ಸಾಲಿಗೂ ಹೊಸ ವಿನ್ಯಾಸದಲ್ಲಿ ಉತ್ತರವಿದೆಯೇ ಎಂದು ಕೇಳಬೇಕು. ಪರೀಕ್ಷೆಯಲ್ಲಿ, ಮೇನ್‌ಫ್ರೇಮ್ ಕಮಿಟ್ ಮಾಡಿದ ನಂತರ ಉತ್ತರ ತಲುಪುವ ಮುಂಚೆ ಬೇಕೆಂದೇ ಸಂಪರ್ಕ ಕಡಿದು, ಅದೇ ಕೋರಿಕೆಯನ್ನು ಮತ್ತೆ ಕಳಿಸಿ, ಖಾತೆಯಲ್ಲಿ ಎಷ್ಟು ಕಡಿತವಾಗಿದೆಯೆಂದು ನೋಡಬೇಕು. ನಾವು ಬರೆದಿದ್ದ ಅಷ್ಟೊಂದು ಪರೀಕ್ಷೆಗಳಲ್ಲಿ ಇದೊಂದು ಇರಲಿಲ್ಲ.

ಎರಡು ಮೂರು ಸಲ ಕಡಿತವಾಗಿದ್ದ ಹಣವನ್ನೆಲ್ಲ ಗ್ರಾಹಕರಿಗೆ ಹಿಂದಿರುಗಿಸಲು ಹಲವು ವಾರ ಹಿಡಿಯಿತು, ಏಕೆಂದರೆ ಒಂದೇ ದಿನ ಒಂದೇ ಮೊತ್ತವನ್ನು ನಿಜವಾಗಿಯೇ ಎರಡು ಸಲ ಕಟ್ಟಿದವರೂ ಅವರ ನಡುವೆ ಇದ್ದರು. ಕೋರಿಕೆ ಸಂಖ್ಯೆ ಇಲ್ಲದ ಆ ದಾಖಲೆಗಳಲ್ಲಿ ಯಾವುದು ಗ್ರಾಹಕರದು, ಯಾವುದು ಗೇಟ್‌ವೇಯದು ಎಂದು ಗುರುತಿಸಲು ಎರಡೂ ಬದಿಯ ಲಾಗ್‌ಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಒಂದೊಂದನ್ನೇ ಕಣ್ಣಿನಿಂದ ನೋಡಿ ನಿರ್ಧರಿಸಬೇಕಾಯಿತು. ಪಾವತಿಯ ಆ ದಾರಿಯಲ್ಲಿ ಗೇಟ್‌ವೇಯ ತಾನಾಗಿ ಮರುಕಳಿಸುವ ಹೊಂದಿಕೆ ಇಂದಿಗೂ ಸೊನ್ನೆಯಲ್ಲಿದೆ. ಉತ್ತರ ಬಾರದಿದ್ದರೆ ಆ್ಯಪ್ ಈಗ ‘ವಿಫಲವಾಗಿದೆ’ ಎನ್ನುವುದಿಲ್ಲ. ‘ಪರಿಶೀಲಿಸುತ್ತಿದ್ದೇವೆ’ ಎಂದು ಹೇಳಿ, ಅದೇ ಕೋರಿಕೆ ಸಂಖ್ಯೆಯನ್ನು ಹಿಡಿದು ವಿಚಾರಣೆ ಮಾಡುತ್ತದೆ, ಫಲಿತಾಂಶ ತಿಳಿಯುವವರೆಗೂ ಪಾವತಿಯ ಗುಂಡಿಯನ್ನು ಒತ್ತಲು ಬಿಡುವುದಿಲ್ಲ.