ವಿಎಂ ಓಡಿಸಲು ಯಾವ ಲ್ಯಾಪ್‌ಟಾಪ್? ನನ್ನ ಓಟು ಹಳೆಯದಕ್ಕೆ

ಮೊದಲೇ ಹೇಳಿಬಿಡುತ್ತೇನೆ, ವಿಎಂ (ವರ್ಚುವಲ್ ಮಷೀನ್, ಅಂದರೆ ಲ್ಯಾಪ್‌ಟಾಪ್‌ನೊಳಗೆ ಸಾಫ್ಟ್‌ವೇರ್‌ನಿಂದ ಓಡುವ ಇನ್ನೊಂದು ಕಂಪ್ಯೂಟರ್) ಓಡಿಸೋಕೆ ನನಗೆ ಇಷ್ಟವಾಗಿದ್ದು ಯಾವುದೋ ಆಫೀಸಿನಲ್ಲಿ ದುಡಿದು ಹೊರಬಿದ್ದ ಸೆಕೆಂಡ್ ಹ್ಯಾಂಡ್ ಬಿಸಿನೆಸ್ ಲ್ಯಾಪ್‌ಟಾಪ್. ದಪ್ಪ, ಕಪ್ಪು, ನೋಡೋಕೆ ಏನೇನೂ ಚೆಂದ ಇಲ್ಲ. ಆದರೆ ಒಳಗೆ 32 ಜಿಬಿ ರ‍್ಯಾಮ್ ಇದೆ. ಇದಕ್ಕೆ ಮುಂಚೆ ನನ್ನ ಹತ್ತಿರ ಇದ್ದದ್ದು 8 ಜಿಬಿಯ ಹೊಸ ತೆಳು ಲ್ಯಾಪ್‌ಟಾಪ್. ನಡುವೆ ಕೆಲವು ಕಾಲ ಗೆಳೆಯನ ಆರ್ಮ್ ಚಿಪ್‌ನ (ಫೋನ್‌ಗಳಲ್ಲಿರುವ ಬಗೆಯ ಪ್ರೊಸೆಸರ್), ಫ್ಯಾನ್ ಇಲ್ಲದ ಲ್ಯಾಪ್‌ಟಾಪೂ ಕೈಯಲ್ಲಿತ್ತು. ಮೂರಕ್ಕೂ ಹಚ್ಚಿದ್ದು ಒಂದೇ ಕೆಲಸ: ಬ್ರೌಸರ್, ಕೋಡ್ ಬರೆಯುವ ವಿಎಸ್ ಕೋಡ್, ಒಂದು ಉಬುಂಟು (ಲಿನಕ್ಸ್‌ನ ಒಂದು ಬಗೆ) ಡೆಸ್ಕ್‌ಟಾಪ್ ವಿಎಂ, ಪಕ್ಕದಲ್ಲಿ ಒಂದೆರಡು ಪುಟ್ಟ ಸರ್ವರ್.

ತೆಳು ಲ್ಯಾಪ್‌ಟಾಪ್‌ನ ಪ್ರೊಸೆಸರ್ ನನ್ನ ಈಗಿನದಕ್ಕಿಂತ ಜೋರು, ಅದರಲ್ಲಿ ಅನುಮಾನವಿಲ್ಲ. ಬರೀ ಪೈಥಾನ್ ಕಲಿಯುವಾಗ ಯಾವ ತಕರಾರೂ ಇರಲಿಲ್ಲ. ವಿಎಂ ಎಬ್ಬಿಸಿದ ಮೇಲೆ ಶುರುವಾಯಿತು ಒದ್ದಾಟ. ಮೌಸ್ ಪಾಯಿಂಟರ್ ನಿಂತಲ್ಲೇ ನಿಲ್ಲುವುದು, ಟರ್ಮಿನಲ್‌ನಲ್ಲಿ ಟೈಪ್ ಮಾಡಿದ ಅಕ್ಷರ ತಡವಾಗಿ ಮೂಡುವುದು, ಬ್ರೌಸರ್ ಮುಚ್ಚಿದರೆ ಸ್ವಲ್ಪ ಉಸಿರಾಡುವುದು.

ಕಾರಣ ಸರಳ. ಸಿಪಿಯು ಹಂಚಿಕೊಂಡು ಬಾಳುತ್ತದೆ. ನಾಲ್ಕೇ ಕೋರ್ ಇದ್ದರೂ ಎರಡೆರಡು ಕೊಟ್ಟು ನಾಲ್ಕು ವಿಎಂ ಓಡಿಸಬಹುದು. ಎಲ್ಲವೂ ಒಟ್ಟಿಗೆ ದುಡಿಯದಿದ್ದರೆ ಗೊತ್ತೂ ಆಗುವುದಿಲ್ಲ. ರ‍್ಯಾಮ್ ಹಾಗಲ್ಲ. ವಿಎಂಗೆ 4 ಜಿಬಿ ಬರೆದುಕೊಟ್ಟರೆ ಹೆಚ್ಚುಕಡಿಮೆ ಅಷ್ಟೂ ಅದರ ಪಾಲಿಗೆ ಹೋಯಿತು ಅಂತಲೇ ಲೆಕ್ಕ. 8 ಜಿಬಿಯಲ್ಲಿ ವಿಂಡೋಸ್ ಸುಮ್ನೆ ಕೂತಿದ್ದರೂ ಮೂರರ ಆಸುಪಾಸು ಬೇಕು. ಉಳಿದದ್ದರಲ್ಲಿ ಬ್ರೌಸರ್ ಎಲ್ಲಿ ಕೂರಬೇಕು? ಜಾಗ ಸಾಲದಾಗ ಸಿಸ್ಟಮ್ ರ‍್ಯಾಮ್‌ನಲ್ಲಿದ್ದದ್ದನ್ನು ಎಸ್‌ಎಸ್‌ಡಿಗೆ ಎತ್ತಿಡುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ಎಸ್‌ಎಸ್‌ಡಿ ಎಷ್ಟೇ ವೇಗದ್ದಾದರೂ ರ‍್ಯಾಮ್‌ಗೆ ಸಮ ಆಗುವುದಿಲ್ಲ.

ಹಾಗಾದರೆ ರ‍್ಯಾಮ್ ಹಾಕಿಸಿದರಾಯಿತು, ಅಲ್ವಾ? ಇಲ್ಲೇ ಇರುವುದು ನನ್ನ ಸಿಟ್ಟು. ಆ ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಚಿಪ್‌ಗಳನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿಬಿಟ್ಟಿದ್ದಾರೆ. ಸ್ಲಾಟ್ ಇಲ್ಲವೇ ಇಲ್ಲ. ಕೊಂಡ ದಿನ ಎಷ್ಟಿತ್ತೋ ಕೊನೆತನಕ ಅಷ್ಟೇ. ಡಬ್ಬದ ಮೇಲೆ ದೊಡ್ಡದಾಗಿ 8 ಜಿಬಿ ಅಂತ ಇತ್ತು, ಜಾಸ್ತಿ ಮಾಡೋಕೆ ಆಗಲ್ಲ ಅನ್ನುವುದು ಎಲ್ಲೂ ಇರಲಿಲ್ಲ. ಎಲ್‌ಪಿಡಿಡಿಆರ್ ಅಂತ ಶುರುವಾಗುವ ರ‍್ಯಾಮ್ ಕಂಡರೆ ಬಹುಪಾಲು ಇದೇ ಕಥೆ ಎಂದುಕೊಳ್ಳಿ.

ಕೊಳ್ಳುವ ಮುಂಚೆ ತಿಳಿಯುವ ದಾರಿ ಇದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ, ಫಾರ್ಮ್ ಫ್ಯಾಕ್ಟರ್ ಸಾಲು ನೋಡಿ. ‘ಎಸ್‌ಒಡಿಐಎಂಎಂ’ ಎಂದಿದ್ದರೆ ತೆಗೆದು ಹಾಕುವ ರ‍್ಯಾಮ್. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೆಸುಗೆ. ಅರ್ಧ ಬೆಸುಗೆ, ಅರ್ಧ ಸ್ಲಾಟ್ ಇರುವವೂ ಇವೆ, ಹಾಗಾಗಿ ಮಾಡೆಲ್ ಹೆಸರಿನ ಕೊನೆಯ ಅಕ್ಷರದವರೆಗೂ ಓದಿ. ಥಿಂಕ್‌ಪ್ಯಾಡ್ ಟಿ480ರಲ್ಲಿ ಎರಡು ಸ್ಲಾಟ್. ಅದರ ತೆಳು ತಮ್ಮ ಟಿ480ಎಸ್‌ನಲ್ಲಿ ಸ್ಲಾಟ್ ಒಂದೇ, ಮಿಕ್ಕಿದ್ದು ಬೆಸುಗೆ.

ಹಳೆಯದು ಅಂದರೆ ತೀರಾ ಹಳೆಯದೂ ಬೇಡ. ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಈಚೆಗೆ ನೋಡಿ. ಏಳನೆಯದರವರೆಗೆ ಲ್ಯಾಪ್‌ಟಾಪ್‌ಗಳ ಯು ಸರಣಿಯ ಐ5ನಲ್ಲಿ ಎರಡೇ ಕೋರ್ ಇರುತ್ತಿದ್ದವು, ಎಂಟರಲ್ಲಿ ನಾಲ್ಕಾದವು. ವಿಂಡೋಸ್ 11 ಅಧಿಕೃತವಾಗಿ ನಡೆಯುವುದೂ ಹೆಚ್ಚುಕಡಿಮೆ ಅಲ್ಲಿಂದಲೇ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗಿದಿದೆ. ತಂದ ಮೇಲೆ ವಿಎಂ ಏಳದಿದ್ದರೆ ಗಾಬರಿ ಬೇಡ. ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ಸ್) ವಿಎಂಗೆ ಬೇಕಾದ ವರ್ಚುವಲೈಸೇಶನ್ ಆಫ್ ಆಗಿರಬಹುದು. ಎಎಂಡಿಯಲ್ಲಿ ಅದಕ್ಕೆ ಎಸ್‌ವಿಎಂ ಎಂಬ ಹೆಸರಿರುತ್ತದೆ.

ಇನ್ನು ಗೆಳೆಯನ ಆರ್ಮ್ ಲ್ಯಾಪ್‌ಟಾಪ್. ನಿಜ ಹೇಳಬೇಕೆಂದರೆ ಕೋಡ್ ಬರೆಯೋಕೆ ಮೂರರಲ್ಲಿ ಅದೇ ಸುಖ. ಸದ್ದಿಲ್ಲ, ಬಿಸಿಯಿಲ್ಲ, ಬ್ಯಾಟರಿ ದಿನವಿಡೀ. ಆರ್ಮ್‌ಗೆಂದೇ ತಯಾರಾದ ಉಬುಂಟು ಹಾಕಿದರೆ ವಿಎಂ ಕೂಡ ಸಲೀಸು. ಆದರೆ ನನ್ನ ಕೋರ್ಸಿನ ಲ್ಯಾಬ್ ಫೈಲ್‌ಗಳು ಎಕ್ಸ್86ಗೆ (ಇಂಟೆಲ್, ಎಎಂಡಿ ಬಗೆಯ ಪ್ರೊಸೆಸರ್) ಕಟ್ಟಿದ ಒವಿಎಗಳು, ಅಂದರೆ ಸಿದ್ಧ ವಿಎಂ ಫೈಲ್‌ಗಳು. ಅವನ್ನು ಆರ್ಮ್ ಚಿಪ್ ನೇರವಾಗಿ ಓಡಿಸಲಾರದು. ಕ್ಯೂಇಎಂಯು ಎಂಬ ಸಾಫ್ಟ್‌ವೇರ್ ಒಂದೊಂದು ಸೂಚನೆಯನ್ನೂ ಆರ್ಮ್‌ಗೆ ಬದಲಾಯಿಸುತ್ತಾ ಓಡಿಸಬೇಕು. ಓಡುತ್ತದೆ, ಆದರೆ ಲಾಗಿನ್ ಪರದೆ ಬರುವಷ್ಟರಲ್ಲಿ ಏನು ಮಾಡೋಕೆ ಕೂತಿದ್ದೆ ಅನ್ನುವುದೇ ಮರೆತುಹೋಗುತ್ತದೆ.

ಗೇಮಿಂಗ್ ಲ್ಯಾಪ್‌ಟಾಪ್? ರ‍್ಯಾಮ್ ಸ್ಲಾಟ್ ಸಾಮಾನ್ಯವಾಗಿ ಇರುತ್ತದೆ, ಆದರೆ ಇಂಥ ವಿಎಂಗೆ ಉಪಯೋಗಕ್ಕೇ ಬಾರದ ಗ್ರಾಫಿಕ್ಸ್ ಕಾರ್ಡ್‌ಗೆ ನಾನೇಕೆ ದುಡ್ಡು ಕೊಡಲಿ.

ಎಸ್‌ಎಸ್‌ಡಿ 512 ಜಿಬಿ ಇರಲಿ. ಒಂದೊಂದು ವಿಎಂ 20–25 ಜಿಬಿ ನುಂಗುತ್ತದೆ, ಸ್ನ್ಯಾಪ್‌ಶಾಟ್ (ವಿಎಂನ ಆ ಹೊತ್ತಿನ ಸ್ಥಿತಿಯನ್ನು ಉಳಿಸಿಡುವುದು) ತೆಗೆದಷ್ಟೂ ಊದಿಕೊಳ್ಳುತ್ತದೆ.

ನನ್ನ ಹಳೆಯದರಲ್ಲಿ ಕೊರತೆ ಇಲ್ಲವೆಂದಲ್ಲ. ಸ್ಕ್ರೀನ್ ಮಂಕು, ಬ್ಯಾಟರಿ ಸೊರಗಿದೆ, ಮೂರು ವಿಎಂ ಎಬ್ಬಿಸಿದರೆ ಫ್ಯಾನ್ ಗುಂಯ್ ಎನ್ನುತ್ತದೆ. ನಾನು ಮೇಜಿನ ಮುಂದೆಯೇ ಕೂರುವವನು, ಚಾರ್ಜರ್ ಸದಾ ಸಿಕ್ಕಿಸಿಯೇ ಇರುತ್ತದೆ, ಬೇರೆ ಮಾನಿಟರೂ ಇದೆ. ಹೊಸ ತೆಳುವಿನ ಅರ್ಧ ದುಡ್ಡೂ ಆಗಲಿಲ್ಲ, ರ‍್ಯಾಮ್ ಖರ್ಚು ಸೇರಿಸಿಯೂ. ಚೀಲದಲ್ಲಿ ಹೊತ್ತು ತಿರುಗುವವರಿಗೆ ಈ ಲೆಕ್ಕ ಒಪ್ಪುವುದಿಲ್ಲ. ಅವರು ತೆಳುವನ್ನೇ ತೊಗೊಳ್ಳಲಿ, ಆದರೆ ಬೆಸುಗೆ ರ‍್ಯಾಮ್ ಇದ್ದರೆ 16 ಜಿಬಿಗಿಂತ ಕಡಿಮೆ ಇರುವುದನ್ನು ಮುಟ್ಟದಿರಲಿ. ಆಗುವುದಾದರೆ 32.