ಶುಗರ್ ಟೆಸ್ಟಿಗಾದ್ರೆ ಕರೀರಿ, ನೀಲಿ ಟ್ಯೂಬಿನ ಟೆಸ್ಟಿಗೆ ಬೇಡ

2 ಸ್ಟಾರ್. ಮನೇಗೆ ಬಂದು ರಕ್ತ ತಗೊಂಡ್ ಹೋಗೋ ಲ್ಯಾಬು, ಹೆಸರು ಬೇಡ ಬಿಡಿ.

ನನ್ ತಮ್ಮಂಗೆ 31, ಬಿಪಿ ಇಲ್ಲ ಶುಗರ್ ಇಲ್ಲ ಸಿಗರೇಟೂ ಇಲ್ಲ, ಆದ್ರೂ ಸ್ಟ್ರೋಕ್ ಆಯ್ತು, ಹಲ್ಲುಜ್ತಾ ಇದ್ದೋನ ಕೈಯಿಂದ ಬ್ರಶ್ ಜಾರಿ ಬಿತ್ತು, ಎತ್ಕೊಳೋಕೆ ಹೋದ್ರೆ ಬೆರಳೇ ಮಡಚ್ತಿಲ್ಲ. ಇಷ್ಟ್ ಚಿಕ್ಕ ವಯಸ್ಸು ಅಂತ ಡಾಕ್ಟ್ರು ಆಂಟಿಫಾಸ್ಫೋಲಿಪಿಡ್ ಆಂಟಿಬಾಡಿ (ರಕ್ತನಾಳದೊಳಗೇ ರಕ್ತ ಹೆಪ್ಪುಗಟ್ಟೋ ಹಾಗೆ ಮಾಡೋ ಆಂಟಿಬಾಡಿ) ನೋಡಿಸಿದ್ರು, ಪಾಸಿಟಿವ್. ಸೋಂಕು ಗೀಂಕು ಆದಾಗ್ಲೂ ಈ ಆಂಟಿಬಾಡಿ ಸ್ವಲ್ಪ ದಿನ ಬಂದು ಹೋಗುತ್ತಂತೆ, ಅದಕ್ಕೆ 12 ವಾರ ಬಿಟ್ಟು ಇನ್ನೊಂದ್ಸಲ ಮಾಡಿಸ್ಲೇಬೇಕು. ಆ ಎರಡನೇ ಸಲಕ್ಕೆ ಇವರನ್ನ ಕರೆಸಿದ್ದು.

ಹುಡುಗ ಬೆಳಿಗ್ಗೆ ಸರಿಯಾಗಿ 7ಕ್ಕೆ ಬಂದ, ಸೂಜಿ ಚುಚ್ಚಿದ್ದೇ ಗೊತ್ತಾಗ್ಲಿಲ್ಲ ಅಂದ ತಮ್ಮ, ಆ 2 ಸ್ಟಾರ್ ಅದಕ್ಕೇ. ಆದ್ರೆ ನೀಲಿ ಮುಚ್ಚಳದ ಟ್ಯೂಬು ಗೆರೆವರೆಗೂ ತುಂಬ್ಲೇ ಇಲ್ಲ, "ನಡಿಯುತ್ತೆ ಮೇಡಂ" ಅಂತಾನೆ. ನಡಿಯಲ್ಲ ಸ್ವಾಮಿ, ಒಳಗಿರೋ ಸಿಟ್ರೇಟ್ (ರಕ್ತ ಹೆಪ್ಪುಗಟ್ಟದ ಹಾಗೆ ಹಾಕಿರೋ ದ್ರವ) ಒಂದು ಪಾಲಿದ್ರೆ ರಕ್ತ ಒಂಬತ್ತು ಪಾಲು ಇರ್ಬೇಕು. ಇನ್ನೂ ಐದು ಮನೆ ಇದೆ ಅಂತ ಬ್ಯಾಗಿಗೆ ಹಾಕ್ಕೊಂಡು ಹೊರಟ, ಸ್ಯಾಂಪಲ್ ಲ್ಯಾಬ್ ಸೇರಿದ್ದು ಮಧ್ಯಾಹ್ನ 2 ಗಂಟೆ ದಾಟಿದ್ಮೇಲೆ ಅಂತ ಅವರ ಆ್ಯಪೇ ತೋರಿಸ್ತು! ಈ ಆಂಟಿಬಾಡಿಗೆ ಮಾಡೋ ಮೂರು ಟೆಸ್ಟಲ್ಲಿ ನೀಲಿ ಟ್ಯೂಬಿಂದು ಲೂಪಸ್ ಆಂಟಿಕೋಯಾಗ್ಯುಲಂಟ್, ಅದಕ್ಕೆ ರಕ್ತ ತೆಗೆದ 4 ಗಂಟೆ ಒಳಗೆ ಪ್ಲಾಸ್ಮಾ (ರಕ್ತದ ತಿಳಿ ಭಾಗ) ಬೇರೆ ಮಾಡ್ಬೇಕು. ಅಷ್ಟೇ ಅಲ್ಲ, ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ವಾರ್ಫರಿನ್ ಮಾತ್ರೆ ತಗೊಂಡಿದ್ರೆ ಈ ರಿಸಲ್ಟ್ ಏರುಪೇರಾಗುತ್ತೆ, ಅದನ್ನ ಯಾರೂ ಕೇಳ್ಲೇ ಇಲ್ಲ. ಉಳಿದೆರಡು ಟೆಸ್ಟು, ಕಾರ್ಡಿಯೋಲಿಪಿನ್, ಬೀಟಾ-2, ಎರಡೂ ಸೀರಮ್ಮಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿ) ಮಾಡೋದು, ಅವೇನೋ ಸರಿ ಬಂದ್ವು, ಲೂಪಸ್ದು ಮಾತ್ರ "ಬಾರ್ಡರ್‌ಲೈನ್", ಡಾಕ್ಟ್ರು ಆ ಹಾಳೆ ಪಕ್ಕಕ್ಕಿಟ್ರು.

ಆಮೇಲೆ ಆಸ್ಪತ್ರೆ ಲ್ಯಾಬಲ್ಲೇ ಮಾಡಿಸ್ದ್ವಿ. ಅಲ್ಲಿನ ಟೆಕ್ನಿಷಿಯನ್ ಮೇಡಂ ಮೊದಲು ಕೇಳಿದ್ದೇ ಯಾವ ಮಾತ್ರೆ, ಕೊನೆ ಐಎನ್ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋದರ ಲೆಕ್ಕ) ಎಷ್ಟು ಅಂತ, ಟ್ಯೂಬು ಗೆರೆ ಮುಟ್ಟೋವರೆಗೂ ಸೂಜಿ ತೆಗೀಲಿಲ್ಲ, ಪ್ಲಾಸ್ಮಾನ ಮೆಷಿನಲ್ಲಿ ಎರಡೆರಡು ಸಲ ತಿರುಗಿಸ್ತಾರಂತೆ. ಈ ಟೆಸ್ಟಿಗೆ ಕೊಳಕುಮಂಡಲದ ವಿಷ ಬಳಸ್ತಾರೆ ಅಂತಾನೂ ಹೇಳಿದ್ರು. ಅಮ್ಮ ಅಷ್ಟು ಕೇಳಿದ್ದೇ ತಡ, "ನನ್ ಮಗಂಗೆ ಹಾವಿನ್ ವಿಷ ಹಾಕ್ತೀರಾ" ಅಂತ ಎದ್ದೇ ನಿಂತ್ಬಿಟ್ರು, ಮೈಗಲ್ಲಮ್ಮ ಟ್ಯೂಬಿಗೆ ಅಂತ ಕೂರಿಸ್ದೆ.

ಮತ್ತೆ ಪಾಸಿಟಿವ್. ವಾರ್ಫರಿನ್ ಮುಂದುವರಿದಿದೆ, ಐಎನ್ಆರ್ 2ರಿಂದ 3ರ ಒಳಗಿರ್ಬೇಕು, ಸೊಪ್ಪು ಈ ಮಾತ್ರೆ ಕೆಲಸ ಏರುಪೇರು ಮಾಡುತ್ತೆ, ಅದಕ್ಕೆ ಸೊಪ್ಪಿನ ಸಾರು ಒಂದಿನ ಜಾಸ್ತಿ ಒಂದಿನ ಇಲ್ಲ ಅನ್ನೋ ಹಾಗಿಲ್ಲ. ಮನೇಗ್ ಬರೋರ ಹತ್ರ ರೀಫಂಡ್ ಕೇಳಿದ್ದೀನಿ, ಮುಂದಿನ ಬುಕಿಂಗಿಗೆ ಕೂಪನ್ ಕಳಿಸಿದಾರೆ.