ಪೀಣ್ಯದ ಶೆಡ್ಡಿಗೊಂದು, ಮಲಗುವ ಕೋಣೆಗೊಂದು: ಗಾಳಿ ಶುದ್ಧೀಕರಣ ಯಂತ್ರಗಳ ಹೋಲಿಕೆ

ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದ ವೆಲ್ಡಿಂಗ್ ಶೆಡ್ಡುಗಳಿಗೆ ಬೇಕಾದ, ಹೊಗೆ-ಧೂಳು ಹೀರುವ ಡಸ್ಟ್ ಕಲೆಕ್ಟರನ್ನೂ ಮನೆಯ ಏರ್ ಪ್ಯೂರಿಫೈಯರನ್ನೂ ಕೇವಲ ಗಾತ್ರ, ಬೆಲೆಗಳಿಂದ ಅಳೆಯುವುದು ಸರಿಯಲ್ಲ. ಕೈಗಾರಿಕಾ ಯಂತ್ರವು ಹೊಗೆಯನ್ನು ಅದು ಹುಟ್ಟುವಲ್ಲಿಯೇ ಹುಡ್ (ಹೊಗೆ ಹಿಡಿಯುವ ಮುಚ್ಚಳ) ಮತ್ತು ಡಕ್ಟ್ (ಗಾಳಿ ಕೊಳವೆ) ಮೂಲಕ ಎಳೆದುಕೊಂಡು, ಕಾರ್ಮಿಕರ ಉಸಿರನ್ನು ಸೇರುವ ಮೊದಲೇ ಕಾರ್ಟ್ರಿಜ್ ಫಿಲ್ಟರಿನಲ್ಲಿ ತಡೆಯುತ್ತದೆ. ಫಿಲ್ಟರಿನ ಮೇಲೆ ಕೂತ ಧೂಳನ್ನು ಒತ್ತಡದ ಗಾಳಿಯಿಂದ ಕೊಡವಿ ಕೆಳಗಿನ ಡಬ್ಬಿಗೆ ಬೀಳಿಸುವ ವ್ಯವಸ್ಥೆಯೇ ಅದರ ದೊಡ್ಡ ಗುಣವೆಂದು ನನ್ನ ಅಭಿಪ್ರಾಯ. ಮನೆಯ ಯಂತ್ರದಲ್ಲಿ ಇದಿಲ್ಲ. ಅದನ್ನು ವರ್ಕ್‌ಶಾಪಿನಲ್ಲಿಟ್ಟರೆ ಫಿಲ್ಟರ್ ಬಹುಬೇಗ ಕಟ್ಟಿಕೊಳ್ಳುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಹೊರವರ್ತುಲ ರಸ್ತೆಯ ಪಕ್ಕದ ಮಲಗುವ ಕೋಣೆಗಾದರೆ ಮನೆಯ ಯಂತ್ರವೇ ಯೋಗ್ಯ. ಅತಿ ಸೂಕ್ಷ್ಮ ಧೂಳನ್ನು ಸೋಸುವ ಎಚ್13 ದರ್ಜೆಯ ಹೆಪಾ ಫಿಲ್ಟರ್, ಹಿಡಿಯಲು ಅತಿ ಕಷ್ಟವಾದ ಗಾತ್ರದ ಕಣಗಳನ್ನೂ ಕನಿಷ್ಠ ಶೇ. 99.95ರಷ್ಟು ತಡೆಯುತ್ತದೆ. ಆದರೂ ಕೊಳ್ಳುವಾಗ ಮೊದಲು ನೋಡಬೇಕಾದುದು, ಗಂಟೆಗೆ ಎಷ್ಟು ಶುದ್ಧ ಗಾಳಿ ಕೊಡುತ್ತದೆಂದು ಹೇಳುವ ಸಿಎಡಿಆರ್ ಅಂಕಿಯನ್ನು. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುವುದರಿಂದ, ಗಂಟೆಗೆ 5 ಸಲ ಶುದ್ಧವಾಗಲು 170 ಘನ ಮೀಟರ್ ಬೇಕು. ಸಿಎಡಿಆರ್ ಅಂಕಿ ಸಾಮಾನ್ಯವಾಗಿ ಯಂತ್ರದ ಗರಿಷ್ಠ ವೇಗದ್ದು. ರಾತ್ರಿ ಸದ್ದಿಲ್ಲದೆ ನಿಧಾನವಾಗಿ ಓಡಿಸುವವರು ಇನ್ನೂ ದೊಡ್ಡದನ್ನೇ ಕೊಳ್ಳುವುದು ಒಳಿತು.